ಮಗಳಿಗೊಂದು ಪತ್ರ: ಕಾನ್ಸಾಸ್‌ನ ಮುತ್ತಜ್ಜನನ್ನು ಹುಡುಕುವ ಬಗೆ

ಪ್ರೀತಿಯ ಮಗಳಿಗೆ,

ನಿನ್ನ ಅತ್ತೆಯವರ ಮುತ್ತಜ್ಜನ ಬಗ್ಗೆ ಕೇಳಿದ್ದೀಯಲ್ಲ. ಹುಟ್ಟಿದ್ದು ಅಮೆರಿಕದ ಒಹಾಯೊ ರಾಜ್ಯದಲ್ಲಿ, 1861ರಿಂದ 1865ರವರೆಗೆ ಉತ್ತರ ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದಲ್ಲಿ ಉತ್ತರದವರ ಸೈನ್ಯದಲ್ಲಿದ್ದ, ಆಮೇಲೆ ಕಾನ್ಸಾಸ್‌ಗೆ ಹೋಗಿ ಜಮೀನು ಮಾಡಿದ. ಮನೆಯವರಿಗೆ ಗೊತ್ತಿರುವುದು ಇಷ್ಟೇ ಆದರೂ ಶುರುಮಾಡಲು ಸಾಕು. ಆದರೆ ಒಂದು ಮಾತು: ಅವನ ಹೆಸರು ಹಾಕಿ ಹುಡುಕಿ, ಮೊದಲು ಸಿಕ್ಕ ವಂಶವೃಕ್ಷವನ್ನು ಎತ್ತಿಕೊಳ್ಳಬೇಡ. ಅದೇ ಹೆಸರು, ಅದೇ ವಯಸ್ಸಿನವರು ಆ ರಾಜ್ಯದಲ್ಲಿ ಹಲವರು ಇದ್ದಿರುತ್ತಾರೆ. ಯಾರೋ ಒಬ್ಬರು ತಪ್ಪು ಅಪ್ಪನನ್ನು ಸೇರಿಸಿದರೆ ಉಳಿದವರು ಅದನ್ನೇ ನಕಲು ಮಾಡುತ್ತಾರೆ. ನನ್ನ ಮೊಮ್ಮಕ್ಕಳ ವಂಶದಲ್ಲಿ ಬೇರೆಯವರ ಹಿರಿಯ ಬಂದು ಕೂರುವುದು ನನಗೆ ಬೇಡ.

ಈಚಿನಿಂದ ಹಿಂದಕ್ಕೆ ಹೋಗು. ಹಳೆಯ ದಾಖಲೆಗಳನ್ನು ಹುಡುಕುವ ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಉಚಿತ ಖಾತೆ ಮಾಡಿಕೊಂಡು ಮೊದಲು 1900ರ ಜನಗಣತಿ ತೆಗೆ. ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ಹೆಂಡತಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಲ್ಲ ಅದರಲ್ಲಿದೆ. ಅದರ ಹಿಂದಿನ 1890ರದು ನಿನಗೆ ಸಿಗುವುದಿಲ್ಲ. 1921ರಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಅದು ಹೆಚ್ಚುಕಡಿಮೆ ಪೂರ್ತಿ ಹಾಳಾಯಿತು. ಪುಣ್ಯಕ್ಕೆ ಕಾನ್ಸಾಸ್ ರಾಜ್ಯ 1885 ಮತ್ತು 1895ರಲ್ಲಿ ತನ್ನದೇ ಗಣತಿ ಮಾಡಿತ್ತು. 1885ರದರಲ್ಲಿ ಕಾನ್ಸಾಸ್‌ಗೆ ಎಲ್ಲಿಂದ ಬಂದರು ಎಂಬ ಕಾಲಮ್ಮೂ ಇದೆ.

1880ರ ಗಣತಿ ಯಜಮಾನನಿಗೆ ಯಾರು ಏನಾಗಬೇಕು ಎಂದು ಹೇಳುತ್ತದೆ. 1850, 1860, 1870ರವು ಹೇಳುವುದಿಲ್ಲ. ಒಂದೇ ಮನೆಯ ಪಟ್ಟಿಯಲ್ಲಿರುವ ಎಂಟು ವರ್ಷದ ಹುಡುಗ ಮಗನೇ ಆಗಬೇಕಿಲ್ಲ, ತಮ್ಮನ ಮಗನೋ ಕೆಲಸಕ್ಕೆ ಇಟ್ಟುಕೊಂಡವನೋ ಇರಬಹುದು. 1840 ಮತ್ತು ಅದಕ್ಕೂ ಹಿಂದಿನವುಗಳಲ್ಲಿ ಯಜಮಾನನ ಹೆಸರು ಮಾತ್ರ, ಉಳಿದವರು ವಯಸ್ಸಿನ ಕಾಲಮ್ಮಿನಲ್ಲಿ ಬರೀ ಅಂಕಿ. ವಯಸ್ಸು ಎರಡು ಮೂರು ವರ್ಷ ಹಿಂದುಮುಂದಾದರೆ ಗಾಬರಿಯಾಗಬೇಡ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರು ಹೇಳಿದ್ದನ್ನೇ ಬರೆದುಕೊಂಡದ್ದೂ ಉಂಟು.

ಹೆಸರು ಸಿಗದಿದ್ದರೆ ದಾಖಲೆಯೇ ಇಲ್ಲ ಎಂದುಕೊಳ್ಳಬೇಡ, ಹಾಳೆಗಳನ್ನು ಓದಿ ಇಂಡೆಕ್ಸ್, ಅಂದರೆ ಹುಡುಕಲು ಹೆಸರುಗಳ ಪಟ್ಟಿ, ಮಾಡಿದವರು ತಪ್ಪಾಗಿ ಓದಿರುತ್ತಾರೆ. ಮನೆತನದ ಹೆಸರು ಬಿಟ್ಟು ಅವನ ಹೆಸರು, ವಯಸ್ಸು, ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಇಷ್ಟನ್ನೇ ಹಾಕಿ ನೋಡು. ಆ ಕಾಲದ ಕೈಬರಹದಲ್ಲಿ ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದು ಎಫ್‌ನಂತೆ ಕಾಣುತ್ತದೆ. ಜೆ, ಎನ್, ಒ ಎಂಬ ಮೂರೇ ಅಕ್ಷರ ಇದ್ದರೆ ಅದು ಜಾನ್, ಜೊನಾಥನ್ ಅಲ್ಲ. ಇಂಡೆಕ್ಸ್ ನಂಬಿ ಬಿಡದೆ ಮೂಲ ಹಾಳೆಯ ಚಿತ್ರ ತೆರೆದು, ಹಿಂದಿನ ಮುಂದಿನ ಎರಡೆರಡು ಪುಟದ ನೆರೆಹೊರೆಯವರ ಹೆಸರನ್ನೂ ಬರೆದಿಟ್ಟುಕೋ. ಒಹಾಯೊದ ನೆಂಟರು, ಪರಿಚಯದವರು ಕಾನ್ಸಾಸ್‌ನಲ್ಲೂ ಅಕ್ಕಪಕ್ಕ ಇದ್ದಿರುವ ಸಾಧ್ಯತೆ ಬಹಳ.

ಹುಟ್ಟಿನ ಪ್ರಮಾಣಪತ್ರ ಹುಡುಕಿ ಸಮಯ ಕಳೆಯಬೇಡ. ಒಹಾಯೊದ ಪ್ರೊಬೇಟ್ ಕೋರ್ಟುಗಳು, ಅಂದರೆ ಉಯಿಲು, ಆಸ್ತಿ ನೋಡುವ ಕೋರ್ಟುಗಳು, ಜನನ ಮರಣ ಬರೆಯಲು ಶುರುಮಾಡಿದ್ದೇ 1867ರಲ್ಲಿ. ಅದರ ಬದಲು ಸಮಾಧಿಕಲ್ಲು ನೋಡು. ತೀರಿಕೊಂಡ ತಾರೀಖಿನ ಕೆಳಗೆ ಬದುಕಿದ ವರ್ಷ, ತಿಂಗಳು, ದಿನ ಕೆತ್ತುವ ರೂಢಿ ಇತ್ತು. 1904ರ ಮಾರ್ಚ್ 10, ವಯಸ್ಸು 61 ವರ್ಷ 8 ತಿಂಗಳು 25 ದಿನ ಎಂದಿದ್ದರೆ, ಮೊದಲು ವರ್ಷ ಕಳೆ: 1843ರ ಮಾರ್ಚ್ 10. ಆಮೇಲೆ ತಿಂಗಳು: 1842ರ ಜುಲೈ 10. ಕೊನೆಗೆ ದಿನ: 1842ರ ಜೂನ್ 15. ಇದನ್ನು 1900ರ ಗಣತಿಯ ತಿಂಗಳಿಗೆ ತಾಳೆ ಹಾಕು.

ನನ್ನ ಲೆಕ್ಕದಲ್ಲಿ ನಿಜವಾದ ನಿಧಿ ಪಿಂಚಣಿ ಕಡತ. ಉತ್ತರದ ಸೈನಿಕರ ಪಿಂಚಣಿ ಕಡತಗಳ ಇಂಡೆಕ್ಸ್ ಕಾರ್ಡುಗಳು ಫ್ಯಾಮಿಲಿಸರ್ಚ್‌ನಲ್ಲೇ ಇವೆ. ಕಾರ್ಡಿನಲ್ಲಿ ರೆಜಿಮೆಂಟು, ಹೆಂಡತಿಯ ಹೆಸರು, ಯಾವ ರಾಜ್ಯದಿಂದ ಅರ್ಜಿ ಹಾಕಿದ ಎಂಬುದನ್ನು ನೋಡಿ ನಮ್ಮವನೇ ಎಂದು ಗಟ್ಟಿಮಾಡಿಕೋ. ಅರ್ಜಿ ಸಂಖ್ಯೆ, ಸರ್ಟಿಫಿಕೇಟ್ ಸಂಖ್ಯೆ ಎರಡನ್ನೂ, ವಿಧವೆಯ ಸಾಲು ಇದ್ದರೆ ಅದರ ಸಂಖ್ಯೆಗಳನ್ನೂ ಬರೆದುಕೊಂಡು ಅಮೆರಿಕ ಸರ್ಕಾರದ ಹಳೆಯ ಕಡತಗಳನ್ನು ಕಾಪಾಡುವ ನ್ಯಾಷನಲ್ ಆರ್ಕೈವ್ಸ್‌ಗೆ ಅರ್ಜಿ ಹಾಕು. ಆಯ್ದ ಕೆಲವು ಪುಟ ಸಾಲದು, ಇಡೀ ಕಡತವನ್ನೇ ಕೇಳು. 1898ರಲ್ಲಿ ಪಿಂಚಣಿ ಕಚೇರಿ ಪಿಂಚಣಿದಾರರಿಗೆಲ್ಲ ಪ್ರಶ್ನಾವಳಿ ಕಳಿಸಿತ್ತು: ಹೆಂಡತಿಯ ತವರಿನ ಹೆಸರೇನು, ಯಾವಾಗ, ಎಲ್ಲಿ ಮದುವೆ, ಮೊದಲು ಬೇರೆ ಮದುವೆ ಆಗಿತ್ತೇ, ಬದುಕಿರುವ ಮಕ್ಕಳ ಹೆಸರು, ಹುಟ್ಟಿದ ದಿನ. ಉತ್ತರ ಅವನದೇ ಮಾತಿನಲ್ಲಿರುತ್ತದೆ, ಕೆಳಗೆ ಅವನದೇ ಸಹಿ. ಅದನ್ನು ನೋಡಿದರೆ ನಿನ್ನ ಅತ್ತೆಯವರ ಕಣ್ಣು ತುಂಬದೇ ಇರದು.

ಜಮೀನು 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ, ಅಂದರೆ ನೆಲೆಸಿ ಉಳುವವರಿಗೆ ಸರ್ಕಾರಿ ಜಮೀನು ಕೊಡುವ ಕಾಯ್ದೆಯಲ್ಲಿ, ಸಿಕ್ಕಿದ್ದರೆ, 160 ಎಕರೆವರೆಗೆ ಪಡೆದು ಐದು ವರ್ಷ ಅಲ್ಲೇ ಉಳಿದು ಉಳಬೇಕಿತ್ತು. ಸೈನ್ಯದಲ್ಲಿ ಕಳೆದ ಕಾಲವನ್ನು ಆ ಐದರಲ್ಲಿ ಕಳೆಯಲು 1872ರಿಂದ ಅವಕಾಶವಿತ್ತು. ಸರ್ಕಾರಿ ಜಮೀನು ಹಂಚುತ್ತಿದ್ದ ಜನರಲ್ ಲ್ಯಾಂಡ್ ಆಫೀಸ್‌ನ ದಾಖಲೆಗಳ ತಾಣದಲ್ಲಿ ಬಿಟ್ಟಿ ಸಿಗುವುದು ಹಕ್ಕುಪತ್ರ ಮಾತ್ರ. ಮನೆಯ ಅಳತೆ, ಉತ್ತ ಎಕರೆ, ಇಬ್ಬರು ಸಾಕ್ಷಿಗಳ ಹೇಳಿಕೆ ಇರುವ ಕಡತವನ್ನು ಬೇರೆಯಾಗಿ ತರಿಸಬೇಕು.

ಒಹಾಯೊದ ಅಪ್ಪ ಇವನೇ ಎಂದು ಸಾಧಿಸುವುದೇ ಕಷ್ಟದ ಭಾಗ. ಅದಕ್ಕೆ ಕೌಂಟಿ ಕೋರ್ಟ್‌ಹೌಸ್‌ನ ಉಯಿಲುಗಳನ್ನೂ ಕ್ರಯಪತ್ರದ ಪುಸ್ತಕಗಳನ್ನೂ ನೋಡು. ನಮ್ಮ ಪಾಲುಪತ್ರದ ಹಾಗೆ, ಅಪ್ಪ ತೀರಿದ ಮೇಲೆ ಮಕ್ಕಳು ಜಮೀನು ಮಾರುವಾಗ ಎಲ್ಲ ವಾರಸುದಾರರೂ ಹೆಂಡತಿ, ಗಂಡನ ಸಮೇತ ಸಹಿ ಹಾಕುತ್ತಾರೆ, ಈಗ ಎಲ್ಲಿ ವಾಸ ಎಂಬುದೂ ಅಲ್ಲಿರುತ್ತದೆ. ಒಹಾಯೊದ ಪತ್ರದಲ್ಲಿ ನಮ್ಮವನ ಹೆಸರು, ಹೆಂಡತಿಯ ಹೆಸರು, ಪಕ್ಕದಲ್ಲಿ ಕಾನ್ಸಾಸ್‌ನ ಕೌಂಟಿ ಮೂರೂ ಕೂಡಿದರೆ ಆ ಅಪ್ಪನನ್ನು ಧೈರ್ಯವಾಗಿ ಬರೆ. ಕೂಡುವವರೆಗೆ ಅವನ ಜಾಗ ಖಾಲಿ ಇರಲಿ.

ಪಿಂಚಣಿ ಕಡತ ಬಂದರೆ ಪುಟಗಳ ಫೋಟೊ ನನಗೂ ಕಳಿಸು, ಕೈಬರಹ ಒಟ್ಟಿಗೆ ಓದೋಣ.

ನಿನ್ನ ಅಮ್ಮ