ಎಸಿ ನೀರು ಕ್ಯಾಬಿನ್ ಒಳಗೆ ಬೀಳುವ ಬಗ್ಗೆ ಮತ್ತು ಅದಕ್ಕೆ ನೀವು ಕೊಟ್ಟ ಮರ್ಯಾದೆಯ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಲಾರಿ ಕಂಪನಿಯ ಪ್ರಧಾನ ಕಚೇರಿ.

ಪ್ರತಿ: ದಾವಣಗೆರೆ ಭಾಗದ ನಿಮ್ಮ ಡೀಲರ್ ಅವರಿಗೆ.

ವಿಷಯ: ಎಸಿ ಡ್ರೈನ್ ಪೈಪ್ ದೋಷ, ಸಂಬಂಧವಿಲ್ಲದ ರಿಪೇರಿಗೆ ಬಿಲ್, ಕೊನೆಗೆ ವಾರಂಟಿಯನ್ನೇ ರದ್ದು ಮಾಡಿದ್ದು.

ಮಾನ್ಯರೇ,

ನಿನ್ನೆ ಸಂಜೆ ಡೀಲರ್ ಕಡೆಯಿಂದ ನನ್ನ ಮೊಬೈಲಿಗೆ ಒಂದು ಮೆಸೇಜ್ ಬಂತು. ಹೊರಗಿನ ಮೆಕ್ಯಾನಿಕ್ ಕೈ ಹಾಕಿದ್ದರಿಂದ ನನ್ನ ಗಾಡಿಯ ಎಸಿಗೆ ಇನ್ನು ವಾರಂಟಿ ಇಲ್ಲವಂತೆ. ಇಲ್ಲಿಯವರೆಗೆ ಫೋನಿನಲ್ಲಿ ಸರ್, ಮೇಡಂ ಅಂತಲೇ ಮಾತಾಡಿಕೊಂಡು ಬಂದೆ. ನಿಮ್ಮ ಟೋಲ್ ಫ್ರೀ ನಂಬರಿನ ಮ್ಯೂಸಿಕ್ ನನ್ನ ಕ್ಲೀನರ್ ಹುಡುಗನಿಗೂ ಬಾಯಿಪಾಠ ಆಗಿದೆ. ಪ್ರತಿ ಸಲ ಒಂದು ದೂರಿನ ನಂಬರ್ ಕೊಡುತ್ತೀರಿ. ಆಮೇಲೆ "ನಿಮ್ಮ ಸಮಸ್ಯೆ ಬಗೆಹರಿದಿದೆ, ಐದು ಸ್ಟಾರ್ ಕೊಡಿ" ಎಂದು ಮೆಸೇಜ್ ಬರುತ್ತದೆ. ಬಗೆಹರಿದ ಸಂಗತಿ ಕಾಲಡಿ ನಿಂತಿದ್ದ ನೀರಿಗೆ ಮಾತ್ರ ಗೊತ್ತಿರಲಿಲ್ಲ. ಅದಕ್ಕೇ ಈ ಪತ್ರ. ಆದಷ್ಟು ಸಮಾಧಾನದಿಂದಲೇ ಬರೆಯುತ್ತೇನೆ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮೂರೂವರೆ ಟನ್ ಮೇಲ್ಪಟ್ಟ ಲಾರಿಗಳಿಗೆಲ್ಲ ಕ್ಯಾಬಿನ್ ಎಸಿ ಇರಲೇಬೇಕು ಎಂದು ಕೇಂದ್ರ ಸರ್ಕಾರ ಆದೇಶ ಮಾಡಿದೆ. ಅಂದರೆ ಸರಕು ಗಾಡಿಗಳ ಎನ್2 (12 ಟನ್ ವರೆಗೆ), ಎನ್3 (ಅದಕ್ಕೂ ಮೇಲೆ) ಎರಡೂ ವರ್ಗಕ್ಕೆ. ಪರೀಕ್ಷೆಗೆ ಐಎಸ್ 14618 ಎಂಬ ಮಾನದಂಡವೂ ಇದೆ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅಲ್ವಾ? ನನ್ನದು ಆ ತಾರೀಕಿನ ನಂತರ ತಯಾರಾದ ಗಾಡಿ. ಡ್ರೈವರ್ ಸೆಕೆಯಲ್ಲಿ ಬೇಯಬಾರದು, ನಿದ್ದೆಗೆ ಜಾರಬಾರದು ಎಂದು ಮಾಡಿದ ನಿಯಮ ಅದು. ಕ್ಲೀನರ್ ನೀರಿನಲ್ಲಿ ಕೂರಬೇಕು ಎಂದು ಅದರಲ್ಲಿ ಎಲ್ಲಾದರೂ ಬರೆದಿದ್ದರೆ ದಯವಿಟ್ಟು ತೋರಿಸಿ.

ದಾವಣಗೆರೆಯಿಂದ ಮೆಕ್ಕೆಜೋಳ ಹೇರಿಕೊಂಡು ಕರಾವಳಿಗೆ ಇಳಿಯುತ್ತೇನೆ. ವಾಪಸ್ ಬರುವಾಗ ಮಂಗಳೂರಿನ ಪಣಂಬೂರಿನಿಂದ ಗೊಬ್ಬರ. ನಮ್ಮ ಕಡೆಯ ಒಣ ಹವೆಯಲ್ಲಿ ಈ ತೊಂದರೆ ಅಷ್ಟಾಗಿ ಕಾಣಲಿಲ್ಲ. ಮಂಗಳೂರಿನ ಗಾಳಿಯಲ್ಲಿ ನೀರಿನಂಶ ಜಾಸ್ತಿ. ಅಲ್ಲಿ ಎಸಿ ಹಾಕಿದರೆ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ನೀರು ಕಟ್ಟುತ್ತದೆ, ಟ್ರೇಗೆ ಇಳಿಯುತ್ತದೆ. ಅಲ್ಲಿಂದ ಡ್ರೈನ್ ಪೈಪಿನಲ್ಲಿ ರಸ್ತೆಗೆ ಬೀಳಬೇಕು. ಎಸಿ ಹಾಕಿಕೊಂಡು ನಿಂತ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಗಾಡಿ ಸರಿ ಇದೆ ಎಂದೇ ಅರ್ಥ. ನನ್ನ ಗಾಡಿಯ ಕೆಳಗೆ ನೆಲ ಒಣಗಿರುತ್ತಿತ್ತು. ನೀರೆಲ್ಲ ಒಳಗೇ ಉಳಿಯುತ್ತಿತ್ತು.

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಇದರ ನಿಜರೂಪ ಕಂಡಿತು. ಟ್ರೇನಲ್ಲಿ ತುಂಬಿ ನಿಂತಿದ್ದ ನೀರು ಒಂದು ತಿರುವಿನಲ್ಲಿ ಒಮ್ಮೆಗೇ ಎಡಕ್ಕೆ ವಾಲಿ ಹುಡುಗನ ಮೊಣಕಾಲ ಮೇಲೆ ಸುರಿಯಿತು. ನಿದ್ದೆಯಲ್ಲಿದ್ದವನು "ಅಣ್ಣಾ, ಏನಾಯ್ತು?" ಎಂದು ಎದ್ದು ಕೂತ. ಅವನ ಚಪ್ಪಲಿ ಒಂದು ಬಾಗಿಲ ಕಡೆ, ಇನ್ನೊಂದು ಗೇರ್ ಬಾಕ್ಸ್ ಕಡೆ ತೇಲುತ್ತಿತ್ತು. ಲೋಡಿನ ಬಿಲ್ಲು ಇಟ್ಟಿದ್ದ ಫೈಲ್ ಕೆಳಗಿತ್ತು. ಸಕಲೇಶಪುರದಲ್ಲಿ ನಿಲ್ಲಿಸಿ ನೋಡಿದರೆ ಗೊಬ್ಬರದ ಬಿಲ್ಲಿನ ಇಂಕು ಹರಡಿ ಎಷ್ಟು ಚೀಲ ಎಂದೇ ಓದಲು ಆಗುತ್ತಿರಲಿಲ್ಲ. ಗೊಬ್ಬರದಂಗಡಿಯವರಿಗೆ ಉತ್ತರ ಕೊಟ್ಟಿದ್ದು ನಾನು. ನೀವಲ್ಲ.

ಈಗ ನಿಮ್ಮ ಡೀಲರ್ ಹತ್ತಿರ ನಡೆದದ್ದಕ್ಕೆ ಬರುತ್ತೇನೆ. ಇದನ್ನು ಪೂರ್ತಿಯಾಗಿ ಓದಿ. ಯಾಕೆಂದರೆ ರಿಪೇರಿ ವಿವರ ಬರೆಯುವ ನಿಮ್ಮ ಜಾಬ್ ಕಾರ್ಡ್‌ನಲ್ಲಿ ಇದು ಇರುವುದಿಲ್ಲ.

ಬೆಳಿಗ್ಗೆಯೇ ಹೋದೆ. ಕೌಂಟರಿನಲ್ಲಿದ್ದ ಸರ್ವಿಸ್ ಅಡ್ವೈಸರ್ ಕಂಪ್ಯೂಟರಿನಿಂದ ತಲೆ ಎತ್ತದೆ "ಓನರ್ ಎಲ್ಲಿ?" ಎಂದರು.

"ನಾನೇ."

ಆಗ ತಲೆ ಎತ್ತಿದರು. ನನ್ನ ಮುಖ ನೋಡಲಿಲ್ಲ. ಲುಂಗಿ ನೋಡಿದರು, ಚಪ್ಪಲಿ ನೋಡಿದರು. "ಹಂಗಲ್ಲ, ಆರ್‌ಸಿ ಯಾರ ಹೆಸರಲ್ಲಿದೆ?"

"ನನ್ನ ಹೆಸರಲ್ಲೇ ಇದೆ, ಸರ್."

"ಆಯ್ತು ಬಿಡಿ. ಓನರ್‌ಗೆ ಒಂದು ಫೋನ್ ಹಚ್ಚಿ ಕೊಡಿ, ನಾನೇ ಮಾತಾಡ್ತೀನಿ."

ಆರ್‌ಸಿ ತೆಗೆದು ಕೌಂಟರಿನ ಮೇಲೆ ಇಟ್ಟೆ. ಡಿಎಲ್ ಕೂಡ ಇಟ್ಟೆ. ಎರಡರಲ್ಲೂ ಒಂದೇ ಹೆಸರು. ಅವರು ಎರಡನ್ನೂ ತಿರುಗಿಸಿ ನೋಡಿದರು, ಹಿಂಬದಿಯಲ್ಲಿ ಬೇರೆ ಯಾರಾದರೂ ಇರಬಹುದು ಎಂಬಂತೆ. ಆಮೇಲೆ ಕೇಳಿದರು: "ನೀರು ಬಾಟಲ್ ಚೆಲ್ಲಿರ್ಬೇಕಲ್ವಾ?"

ಇಲ್ಲ, ಎಸಿ ಹಾಕಿದಾಗ ಮಾತ್ರ ಬರುತ್ತೆ, ಆಫ್ ಮಾಡಿದರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ ಎಂದೆ. ಅಲ್ಲಿಗೆ ಅವರಿಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ. "ಡ್ರೈವರ್‌ಗಳು ಒಳಗೇ ಮುಖ ತೊಳ್ಕೊಳ್ತಾರೆ, ಪಾತ್ರೆನೂ ತೊಳೀತಾರೆ, ಆಮೇಲೆ ಲೀಕೇಜ್ ಅಂತ ಇಲ್ಲಿಗೆ ಬರ್ತಾರೆ" ಎಂದರು. ಅದನ್ನು ನನಗೆ ಹೇಳಲಿಲ್ಲ, ಪಕ್ಕದ ಕುರ್ಚಿಯವರಿಗೆ ಹೇಳಿದರು. ಅವರು ನಕ್ಕರು. ಇನ್ನೊಬ್ಬರು "ಲಾರಿಯೋರಿಗೆ ಎಸಿ ಇನ್ನೂ ರೂಢಿ ಇಲ್ಲ, ಸರ್" ಎಂದು ಸೇರಿಸಿದರು.

ಕಾಯಲು ಗಾಜಿನ ಕೋಣೆಯ ಕಡೆ ಹೋದೆ. ಬಾಗಿಲಲ್ಲಿ ತಡೆದರು. ಅದು ಕಸ್ಟಮರ್ ಲೌಂಜ್, ಡ್ರೈವರ್‌ಗಳು ಶೆಡ್ ಹಿಂದೆ ಕೂರಬೇಕಂತೆ. ಕೂತೆ. ಅಲ್ಲಿ ಲೌಂಜಿನ ಎಸಿ ಪೈಪು ಗೋಡೆಯಿಂದ ಹೊರಬಂದಿತ್ತು. ಅದರ ಕೆಳಗೆ ಒಂದು ನೀಲಿ ಬಕೆಟ್. ನೀರು ಒಂದು ಹನಿಯೂ ಆಚೀಚೆ ಆಗದೆ ಸೀದಾ ಬಕೆಟ್ಟಿಗೆ ಬೀಳುತ್ತಿತ್ತು. ಅಂದರೆ ಎಸಿ ನೀರನ್ನು ಹೊರಗೆ ಬಿಡುವ ವಿದ್ಯೆ ನಿಮ್ಮಲ್ಲಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ.

ಸಂಜೆ ಗಾಡಿ ಕೊಟ್ಟರು. ಜಾಬ್ ಕಾರ್ಡ್‌ನಲ್ಲಿ "ಮಳೆ ನೀರು ಸೋರಿಕೆ" ಎಂದು ಬರೆದಿತ್ತು. ಮುಂದಿನ ಗಾಜಿನ ಸುತ್ತ ಸಿಲಿಕೋನ್ ಬಳಿದಿದ್ದರು. ಎಸಿ ಗ್ಯಾಸ್ ಚೆಕ್ ಮಾಡಿದ್ದೂ ಸೇರಿ ಜಿಎಸ್‌ಟಿ ಸಮೇತ 2,360 ರೂಪಾಯಿ ಬಿಲ್. ವಾರಂಟಿಯಲ್ಲಿರುವ ಗಾಡಿಗೆ! ಆ ವಾರ ದಾವಣಗೆರೆಯಲ್ಲಿ ಮಳೆ ಬಂದದ್ದು ನಿಮ್ಮ ಜಾಬ್ ಕಾರ್ಡ್‌ನಲ್ಲಿ ಮಾತ್ರ. ಡ್ರೈನ್ ಪೈಪ್ ನೋಡಿದಿರಾ ಎಂದು ಕೇಳಿದ್ದಕ್ಕೆ "ಅದೆಲ್ಲ ನಮಗೆ ಗೊತ್ತು, ನೀವು ಗಾಡಿ ಓಡ್ಸಿ" ಎಂಬ ಉತ್ತರ ಬಂತು.

ಓಡಿಸಿದೆ. ಮತ್ತೆ ಪಣಂಬೂರು, ಮತ್ತೆ ಘಾಟಿ, ಮತ್ತೆ ನೀರು. ಈ ಸಲ ಎಡಗಡೆ ಫ್ಯೂಸ್ ಬಾಕ್ಸ್‌ವರೆಗೂ ಹೋಯಿತು. ಇಂಡಿಕೇಟರ್ ತನ್ನಷ್ಟಕ್ಕೇ ಮಿನುಗತೊಡಗಿತು. ರಾತ್ರಿ ಹೊತ್ತು, ತುಂಬಿದ ಲೋಡು, ಹಿಂದೆ ಬಸ್ಸುಗಳು. ಹಿಂದಿನವನಿಗೆ ನಾನು ಎಡಕ್ಕೆ ಹೋಗುತ್ತೇನೋ, ದಾರಿ ಬಿಡುತ್ತಿದ್ದೇನೋ ತಿಳಿಯದು. ವೈರಿಂಗ್ ಹೊತ್ತಿಕೊಂಡಿದ್ದರೆ? ಅದಕ್ಕೂ "ಬಾಟಲ್ ಚೆಲ್ಲಿರ್ಬೇಕು" ಎನ್ನುತ್ತಿದ್ದಿರಾ?

ಹಾಸನದಲ್ಲಿ ಎಸಿ ಮೆಕ್ಯಾನಿಕ್ ಒಬ್ಬರ ಅಂಗಡಿ ಮುಂದೆ ನಿಲ್ಲಿಸಿದೆ. ಅವರು ನನ್ನ ಚಪ್ಪಲಿ ನೋಡಲಿಲ್ಲ, ನೀರು ನೋಡಿದರು. ಬೆರಳಲ್ಲಿ ಅದ್ದಿ ಮೂಸಿದರು. ಅಂಟಿಲ್ಲ, ಬಣ್ಣ ಇಲ್ಲ, ಸಿಹಿ ವಾಸನೆ ಇಲ್ಲ. ಹಾಗಾಗಿ ಹೀಟರ್ ಕಡೆಯ ಕೂಲಂಟ್ ಅಲ್ಲ ಎಂದರು. ಗ್ಯಾಸ್ ಕಮ್ಮಿಯಾದರೆ, ಇಲ್ಲವೇ ಫಿಲ್ಟರ್ ಕಟ್ಟಿಕೊಂಡರೆ ಕಾಯಿಲ್ ಮೇಲೆ ಐಸ್ ಕಟ್ಟಿ, ಕರಗಿದಾಗ ಹೀಗೆ ಸುರಿಯುವುದುಂಟಂತೆ. ಗಾಳಿ ಜೋರಾಗೇ ಬರುತ್ತಿತ್ತು, ಐಸೂ ಇರಲಿಲ್ಲ. ಆಮೇಲೆ ಮ್ಯಾಟ್ ಎತ್ತಿ, ಟಾರ್ಚ್ ಹಿಡಿದು ಕೆಳಗೆ ಮಲಗಿದರು. ಡ್ರೈನ್ ಪೈಪ್ ಸಿಕ್ಕಿತು. ವೈರಿಂಗ್ ಕಟ್ಟುವ ಪ್ಲಾಸ್ಟಿಕ್ ಟ್ಯಾಗ್ ಒಳಗೇ ಪೈಪನ್ನೂ ಸೇರಿಸಿ ಬಿಗಿದಿದ್ದರು. ಪೈಪು ನಡುವೆ ಮಡಿಚಿ ಚಪ್ಪಟೆಯಾಗಿತ್ತು. ಆ ಮಡಿಕೆಯಲ್ಲಿ ಧೂಳು, ಲೋಳೆ, ಒಂದಿಷ್ಟು ಜೋಳದ ಹೊಟ್ಟು. ಜೋಳದ ಹೊಟ್ಟು ನನ್ನದು, ಒಪ್ಪೋಣ. ಟ್ಯಾಗ್ ನಿಮ್ಮ ಫ್ಯಾಕ್ಟರಿಯದು. ಅದರ ಬಾಲವನ್ನು ನೀಟಾಗಿ ಕತ್ತರಿಸಿಯೂ ಇದ್ದರು.

ಟ್ಯಾಗ್ ಕತ್ತರಿಸಿ, ಪೈಪ್ ನೆಟ್ಟಗೆ ಮಾಡಿ, ಕೆಳಗಿನಿಂದ ಗಾಳಿ ಹೊಡೆದರು. ಪ್ರೆಷರ್ ಜಾಸ್ತಿ ಕೊಟ್ಟರೆ ಒಳಗಡೆ ಟ್ರೇಯಿಂದಲೇ ಪೈಪ್ ಕಳಚಿಕೊಳ್ಳುತ್ತದಂತೆ, ಅದಕ್ಕೇ ಮೆಲ್ಲಗೆ ಹೊಡೆದರು. ಫಿಲ್ಟರ್ ತೆಗೆದು ಆ ಕಡೆಯಿಂದ ಅರ್ಧ ಲೀಟರ್ ನೀರು ಹೊಯ್ದರು. ಮೊದಲು ಕಪ್ಪು ಲೋಳೆ ಬಂತು, ಆಮೇಲೆ ತಿಳಿನೀರು ಸರಾಗವಾಗಿ ರಸ್ತೆಗೆ ಇಳಿಯಿತು. ಇಷ್ಟಕ್ಕೆ ಅವರು ತೆಗೆದುಕೊಂಡಿದ್ದು 400 ರೂಪಾಯಿ. ಮುಂದೆ ಘಾಟಿ ಇಳಿದು ಹತ್ತಿದರೂ ಒಳಗೆ ಒಂದು ಹನಿ ಬಿದ್ದಿಲ್ಲ. ಕತ್ತರಿಸಿದ ಟ್ಯಾಗ್, ಮಡಿಚಿದ ಪೈಪಿನ ಫೋಟೋ, ವಿಡಿಯೋ ಎಲ್ಲವೂ ನನ್ನ ಹತ್ತಿರ ಇದೆ.

ಅದೇ ವಿಡಿಯೋ ಡೀಲರಿಗೆ ಕಳಿಸಿದೆ. ಬಿಲ್ ವಾಪಸ್ ಕೊಡಿ, ಮ್ಯಾಟ್ ಕೆಳಗೆ ನೆನೆದ ಫೆಲ್ಟ್ ಬಟ್ಟೆ ಬದಲಿಸಿ, ಫ್ಯೂಸ್ ಬಾಕ್ಸ್ ನೋಡಿ ಎಂದು ಕೇಳಿದೆ. ಅದಕ್ಕೆ ಬಂದದ್ದೇ ಆ ವಾರಂಟಿ ರದ್ದಿನ ಮೆಸೇಜ್. ಕಾಯಿಲ್ ಮುಟ್ಟಿಲ್ಲ, ಗ್ಯಾಸ್ ಮುಟ್ಟಿಲ್ಲ, ಕಂಪ್ರೆಸರ್ ಮುಟ್ಟಿಲ್ಲ. ಮುಟ್ಟಿದ್ದು ನಿಮ್ಮ ಟ್ಯಾಗ್ ಒಂದನ್ನೇ. ಡೆಲಿವರಿಗೆ ಮುಂಚಿನ ತಪಾಸಣೆಯ (ಪಿಡಿಐ) ಪಟ್ಟಿಯಲ್ಲಿ ಎಸಿ ಸಾಲಿಗೆ ಟಿಕ್ ಹಾಕಿ ಸಹಿ ಮಾಡಿದವರು ನೀವೇ. ವಾರಂಟಿ ಪುಸ್ತಕ ಬರೆದವರೂ ನೀವೇ. ತಯಾರಿಕೆಯ ದೋಷ ಯಾರ ಖರ್ಚು ಎಂದು ಅದರಲ್ಲಿರುವುದನ್ನು ನಾನು ಓದಿ ಹೇಳಬೇಕಾ?

ಮ್ಯಾಟ್ ಕೆಳಗಿನ ಫೆಲ್ಟ್ ಇನ್ನೂ ಒಣಗಿಲ್ಲ. ಕ್ಯಾಬಿನ್ ತುಂಬ ಮುಗ್ಗಲು ವಾಸನೆ. ಹುಡುಗ ಕಿಟಕಿ ತೆಗೆದುಕೊಂಡೇ ಕೂರುತ್ತಾನೆ. ಅಂದ ಮೇಲೆ ಎಸಿ ಇದ್ದು ಏನು ಪ್ರಯೋಜನ?

15 ದಿನ ಕೊಡುತ್ತೇನೆ. 2,360 ರೂಪಾಯಿ ಮತ್ತು ಹಾಸನದ 400 ರೂಪಾಯಿ ವಾಪಸ್ ಬರಬೇಕು. ಫೆಲ್ಟ್ ಬದಲಿಸಬೇಕು. ಫ್ಯೂಸ್ ಬಾಕ್ಸ್ ಮತ್ತು ವೈರಿಂಗ್ ತಪಾಸಣೆ ಮಾಡಿ ಬರವಣಿಗೆಯಲ್ಲಿ ಕೊಡಬೇಕು. ವಾರಂಟಿ ಮೊದಲಿನಂತೆ ಇದೆ ಎಂಬ ಪತ್ರ ಬೇಕು. ಫೋನಿನ ಮಾತು ಬೇಡ.

ಆಗದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಲಾರಿ ಎಂದರೆ ವ್ಯಾಪಾರ, ನೀವು ಗ್ರಾಹಕರೇ ಅಲ್ಲ ಎಂದು ನಿಮ್ಮ ವಕೀಲರು ಹೇಳಬಹುದು. 2019ರ ಗ್ರಾಹಕರ ರಕ್ಷಣಾ ಕಾಯಿದೆ ಓದಲು ಹೇಳಿ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆಗೆ ಕೊಂಡ ವಸ್ತು ಅದರಲ್ಲಿ ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ. ಗಾಡಿ ನನ್ನದು, ಸ್ಟೇರಿಂಗ್ ಹಿಡಿಯುವುದೂ ನಾನೇ. ನಿಮ್ಮ ಅಡ್ವೈಸರ್ ನನ್ನನ್ನು ಡ್ರೈವರ್ ಎಂದು ನಂಬಿದ್ದಾರಲ್ಲ, ಅವರೇ ನನ್ನ ಮೊದಲ ಸಾಕ್ಷಿ. ಈ ಬೆಲೆಯ ಗಾಡಿಗೆ ಆಯೋಗದ ಫೀ 1000 ರೂಪಾಯಿ. ನಿಮ್ಮ ಸಿಲಿಕೋನಿಗಿಂತ ಅಗ್ಗ. ದೂರು ಕೊಟ್ಟವರು ಇರುವ ಊರಲ್ಲೇ ಕೇಸ್ ಹಾಕಬಹುದು. ಹಾಗಾಗಿ ನಿಮ್ಮ ವಕೀಲರು ದಾವಣಗೆರೆಗೆ ಬರಬೇಕಾದೀತು. ಬಂದರೆ ಬೆಣ್ಣೆ ದೋಸೆ ತಿಂದು ಹೋಗಲಿ, ಅದರ ಬಿಲ್ ನಾನೇ ಕೊಡುತ್ತೇನೆ.

ಇನ್ನೊಂದು. ಗಾಡಿಯ ಹಿಂದಿನ ಬಾಗಿಲು ಇನ್ನೂ ಖಾಲಿ ಇದೆ. ಪೇಂಟರ್ ಏನು ಬರೆಯಲಿ ಎಂದು ಕೇಳುತ್ತಿದ್ದಾನೆ. ನಿಮ್ಮ ಕಂಪನಿಯ ಹೆಸರು, ಟೋಲ್ ಫ್ರೀ ನಂಬರ್, "ಎಸಿ ನೀರು ಒಳಗೆ ಬೀಳುತ್ತದೆ, ಬೇಕಿದ್ದರೆ ಕೊಳ್ಳಿ" ಎಂಬ ಒಂದು ಸಾಲು. ದೊಡ್ಡ ಅಕ್ಷರದಲ್ಲಿ, ಹಳದಿ ಬಣ್ಣದಲ್ಲಿ. ಶಿರಾಡಿಯಲ್ಲಿ ನನ್ನ ಹಿಂದೆ ನಿಧಾನಕ್ಕೆ ಹತ್ತುವವರಿಗೆ ಓದಲು ಬೇಕಾದಷ್ಟು ಸಮಯ ಸಿಗುತ್ತದೆ. 15 ದಿನದವರೆಗೆ ಪೇಂಟರಿಗೆ ತಡಿ ಎಂದಿದ್ದೇನೆ.

ಇತಿ,
ಗಾಡಿಯ ಓನರ್ ಮತ್ತು ಡ್ರೈವರ್,
ದಾವಣಗೆರೆ

ಲಗತ್ತು: ಜಾಬ್ ಕಾರ್ಡ್ ಮತ್ತು ಬಿಲ್ ನಕಲು, ಪೈಪಿನ ಫೋಟೋ, ಆರ್‌ಸಿ ನಕಲು, ಡಿಎಲ್ ನಕಲು.