ಬಾರಾಲಾಚಾ ಫೋಟೋ ತೆಗೆದವನಿಗೆ

ಹಿಮಾಚಲದ ಎತ್ತರದ ಬಾರಾಲಾಚಾ ಘಾಟಿನ ಬೋರ್ಡಿನ ಮುಂದೆ ಸೈಕಲ್ ಹಿಡಿದು ನಿಂತ ನನ್ನ ಫೋಟೋ ನೋಡಿ ನೀವೆಲ್ಲ ಶಹಬ್ಬಾಸ್ ಅಂದಿರಿ. ತುಂಬಾ ಖುಷಿಯಾಯ್ತು. ಗದಗಕ್ಕೆ ವಾಪಸ್ ಬಂದು ಎಂಟು ದಿನವಾದರೂ ಇನ್ನೂ ಫೋನ್ ಬರುತ್ತಲೇ ಇವೆ. ಆದರೆ ಆ ಫೋಟೋದಲ್ಲಿ ಒಬ್ಬ ಇಲ್ಲ. ಅದನ್ನು ತೆಗೆದವನು. ನನ್ನ ದೋಸ್ತ.

ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ಮೇಲೆ ಹೋಗಬೇಕು ಅನ್ನೋದು ಅವನ ಹಳೇ ಕನಸು. ನಾನು ಅವನ ಬೆನ್ನು ಹತ್ತಿ ಹೊರಟವನು. ಎಂಟು ತಿಂಗಳು ಒಂದು ಭಾನುವಾರವೂ ಬಿಡದೆ ನನ್ನನ್ನು ಎಬ್ಬಿಸಿ ಕಪ್ಪತಗುಡ್ಡಕ್ಕೆ ಕರೆದುಕೊಂಡು ಹೋದ. ಏರಿನಲ್ಲಿ ನಾನು ಹಿಂದೆ ಬಿದ್ದರೆ ಗಾಳಿ ಫ್ಯಾನುಗಳ ಕೆಳಗೆ ಸುಮ್ನೆ ಕೂತು ಕಾಯುತ್ತಿದ್ದ. ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ.

2020ರಲ್ಲಿ ರೋಹತಾಂಗ್ ಘಾಟಿನ ಕೆಳಗೆ ಅಟಲ್ ಸುರಂಗ ಶುರುವಾದ ಮೇಲೆ ಗಾಡಿಗಳು ಹೆಚ್ಚಾಗಿ ಅದರಲ್ಲೇ ಹೋಗುತ್ತವೆ. ನಾವು ಹಳೇ ದಾರಿ ಹಿಡಿದು ರೋಹತಾಂಗ್ ಹತ್ತಿದೆವು. 3,978 ಮೀಟರ್. ನನಗೆ ಏನೂ ಆಗಲಿಲ್ಲ. ಅದೇ ನನ್ನ ತಪ್ಪಿಗೆ ಕಾರಣವಾಯ್ತು. 3,000 ಮೀಟರ್ ದಾಟಿದ ಮೇಲೆ ಗಾಳಿ ತೆಳುವಾಗುತ್ತದೆ, ಮೈ ಅದಕ್ಕೆ ಒಗ್ಗಬೇಕಾದರೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅಂತ ಅವನು ಮನಾಲಿಯಲ್ಲೇ ಹೇಳಿದ್ದ. ಜಿಸ್ಪಾದಿಂದ ಹೊರಟ ದಿನ ದಾರ್ಚಾದಲ್ಲೇ ಉಳಿಯೋಣ ಅಂದ. ನಾನು ಕೇಳಲಿಲ್ಲ. ಝಿಂಗ್‌ಝಿಂಗ್‌ಬಾರ್‌ವರೆಗೆ ಹೋಗೇ ಬಿಡೋಣ ಅಂತ ಹಟ ಮಾಡಿದೆ. ಒಂದೇ ದಿನಕ್ಕೆ ಸಾವಿರ ಮೀಟರ್ ಏರಿದಂತಾಯ್ತು.

ರಾತ್ರಿ ಢಾಬಾದ ಡೇರೆಯಲ್ಲಿ ತಲೆ ಸಿಡಿಯತೊಡಗಿತು. ಎರಡು ಸಲ ವಾಂತಿಯಾಯ್ತು. ಅವನು ಬ್ಯಾಟರಿ ಹಚ್ಚಿ ನನ್ನನ್ನು ಎಬ್ಬಿಸಿ ನಿಲ್ಲಿಸಿದ. ನೆಲಕ್ಕೆ ಹಾಸಿದ್ದ ಜಮಖಾನೆಗೆ ಕೆಂಪು ಅಂಚಿತ್ತು. ಅದರ ಮೇಲೆ ಬೆಳಕು ಬಿಟ್ಟು, "ಹಿಮ್ಮಡಕ್ಕ ಬೆರಳು ಹಚ್ಚಿಕೋತ ನಡಿ" ಅಂದ. ಮೂರನೇ ಹೆಜ್ಜೆಗೆ ಜೋಲಿ ಹೊಡೆದು ಡೇರೆಯ ಕಂಬ ಹಿಡಿದೆ.

"ಇದು ಬರೇ ತಲಿನೋವಲ್ಲ. ಏಳು, ಇಳಿಯೋಣು."

"ಮುಂಜಾನೆ ನೋಡೋಣ ತಗೋ" ಅಂದೆ.

"ಮುಂಜಾನಿತನಕ ಕಾಯೋದಲ್ಲ ಇದು."

ನಡಿಗೆ ತಪ್ಪಿದರೆ ಮಿದುಳಿನಲ್ಲಿ ಬಾವು ಬರುತ್ತಿರಬಹುದು, ಕೂಡಲೇ ಕೆಳಗೆ ಇಳಿಸಬೇಕು ಅಂತ ಅವನು ಓದಿಕೊಂಡಿದ್ದ. ನಾನು ಓದಿರಲಿಲ್ಲ. ಆ ಕೊರೆಯುವ ಚಳಿಯಲ್ಲಿ ರಸ್ತೆಗೆ ಹೋಗಿ ಬ್ಯಾಟರಿ ಬೀಸುತ್ತಾ ನಿಂತ. ಢಾಬಾದ ಅವ್ವ ನನ್ನ ಕೈಗೆ ಬಿಸಿನೀರಿನ ಲೋಟ ಕೊಟ್ಟು, ತನ್ನ ಹೊದಿಕೆಯನ್ನೇ ನನ್ನ ಮೈಮೇಲೆ ಹಾಕಿದಳು. ಎಷ್ಟು ಹೊತ್ತಾಯ್ತೋ ಗೊತ್ತಿಲ್ಲ, ಕಡೆಗೆ ಕೆಳಗೆ ಹೋಗುವ ಒಂದು ಪಿಕಪ್ ನಿಂತಿತು. ಸೈಕಲ್‌ಗಳನ್ನು ಹಿಂದೆ ಬಿಗಿಯಲು ಹಗ್ಗ ಇರಲಿಲ್ಲ. ಹಾತಲಗೇರಿ ನಾಕಾದ ಸೈಕಲ್ ರಿಪೇರಿ ಕಾಕಾ "ಇರಲಿ, ಬೇಕಾಗ್ತದ" ಅಂತ ಎರಡು ಹಳೇ ಟ್ಯೂಬು ಚೀಲಕ್ಕೆ ತುರುಕಿದ್ದರು. ಅವುಗಳಿಂದಲೇ ಕಟ್ಟಿದ. ಕಾಕಾ, ನಿಮಗೆ ದೊಡ್ಡ ನಮಸ್ಕಾರ. ಡ್ರೈವರ್ ಅಣ್ಣ ಒಂದು ರೂಪಾಯಿ ಮುಟ್ಟಲಿಲ್ಲ.

ಕೇಲಾಂಗ್‌ನಲ್ಲಿ ಡಾಕ್ಟರ್ ಆಕ್ಸಿಜನ್ ಹಚ್ಚಿದರು. ಪೂರ್ತಿ ಆರಾಮಾಗುವವರೆಗೆ ಮೇಲೆ ಹೋಗುವ ಮಾತೇ ಆಡಬೇಡಿ ಅಂದರು. ಹಾಗೆ ಆರು ದಿನ ಹೋದವು. ಅವನ ರಜೆಯಲ್ಲಿ ಆರು ದಿನ. ಲೇಹ್ ತಪ್ಪಿತು.

ಒಂದು ಸಂಜೆ ಅವನು ಹೊರಗೆ ನಿಂತು ಮನೆಗೆ ಫೋನ್ ಮಾಡುತ್ತಿದ್ದ. ನಾನು ಮಲಗಿದ್ದೇನೆ ಅಂದುಕೊಂಡಿದ್ದ. "ಇಲ್ಲವ್ವಾ, ರಜಾ ಸಾಲಂಗಿಲ್ಲ. ಬಾರಾಲಾಚಾ ಮುಟ್ಟಿ ಹೊಳ್ಳಿ ಬರ್ತೀವಿ" ಅಂದ. ಅಷ್ಟೇ. ನನ್ನಿಂದ ಹೀಗಾಯ್ತು ಅಂತ ತನ್ನ ತಾಯಿಗೂ ಹೇಳಲಿಲ್ಲ. ನನಗೂ ಇವತ್ತಿನವರೆಗೆ ಒಂದು ಮಾತು ಅಂದಿಲ್ಲ. ನಾನು ಕೇಳಿಸಿಕೊಂಡಿದ್ದು ಅವನಿಗೆ ಗೊತ್ತಾಗುವುದು ಇದನ್ನು ಓದಿದ ಮೇಲೆಯೇ.

ಡಾಕ್ಟರ್ ಹೂಂ ಅಂದ ಮೇಲೆ ಮತ್ತೆ ಹೊರಟೆವು. ಈ ಸಲ ಅವನು ಹೇಳಿದ ಹಾಗೆ. ದಾರ್ಚಾದಲ್ಲಿ ಒಂದು ರಾತ್ರಿ, ಪಟ್ಸಿಯೋದಲ್ಲಿ ಒಂದು, ಝಿಂಗ್‌ಝಿಂಗ್‌ಬಾರ್‌ನಲ್ಲಿ ಎರಡು. ಹೊತ್ತೇರಿದಂತೆ ಹಿಮ ಕರಗಿ ರಸ್ತೆ ಮೇಲೆ ಹರಿಯುವ ಹಳ್ಳಗಳು ಜೋರಾಗುತ್ತವೆ. ಅದಕ್ಕೇ ನಸುಕಿನಲ್ಲೇ ಬಿಟ್ಟೆವು. ನನ್ನ ಚೀಲದ ಭಾರವೆಲ್ಲ ಅವನ ಸೈಕಲ್ ಮೇಲಿತ್ತು. ಭಾಗಾ ನದಿ ಹುಟ್ಟುವ ಸೂರಜ್ ತಾಲ್ ಸರೋವರ ದಾಟಿ ಸ್ವಲ್ಪ ಹೊತ್ತಿಗೆ ಬಾರಾಲಾಚಾದ ಬಣ್ಣದ ಬಾವುಟಗಳು ಕಂಡವು. ಸುಮಾರು 4,890 ಮೀಟರ್. ಚೀಲದಲ್ಲಿದ್ದ ಚಿಪ್ಸ್ ಪಾಕೀಟು ಬಲೂನಿನ ಹಾಗೆ ಉಬ್ಬಿತ್ತು. ವೈನಿ ಕಟ್ಟಿಕೊಟ್ಟ ಖಡಕ್ ರೊಟ್ಟಿ ಪುಡಿಯಾಗಿತ್ತು. ಶೇಂಗಾ ಚಟ್ನಿ ಕಲಸಿ, ಒಂದೇ ಡಬ್ಬಿಯಲ್ಲಿ ಕೈ ಹಾಕಿ ತಿಂದೆವು. ವೈನಿ, ಒಂದು ಚೂರೂ ಉಳಿಸಲಿಲ್ಲ.

"ನೀ ನಿಲ್ಲು ಮೊದಲ" ಅಂತ ನನ್ನ ಫೋಟೋ ತೆಗೆದ. ಅವನ ಸರದಿ ಬರುವಷ್ಟರಲ್ಲಿ ಮೋಡ ಕವಿದು ಹಿಮ ಬೀಳತೊಡಗಿತು. "ನಡಿ ನಡಿ, ಇಳಿ" ಅಂದ. ಅವನ ಫೋಟೋ ಹಾಗೇ ಉಳಿಯಿತು.

ದೋಸ್ತ, ಆ ರಾತ್ರಿ ನೀನು ರಸ್ತೆಗೆ ಹೋಗಿ ನಿಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ. ಥ್ಯಾಂಕ್ಸ್ ಅಂದರೆ ಬೈತೀಯ, ಗೊತ್ತು. ಆದರೂ ಅನ್ನುತ್ತೇನೆ. ಮುಂದಿನ ವರ್ಷದ ನನ್ನ ರಜೆ ಪೂರ್ತಿ ಲೇಹ್‌ಗೆ ಇಟ್ಟಿದ್ದೇನೆ, ಆಫೀಸಿನಲ್ಲಿ ಇವತ್ತೇ ಹೇಳಿ ಬಂದೆ. ಈ ಭಾನುವಾರ ನೀನು ಎಬ್ಬಿಸಲು ಬರಬೇಡ. ಬೆಳಿಗ್ಗೆ ಐದಕ್ಕೆ ನಾನೇ ನಿಮ್ಮ ಮನೆ ಮುಂದೆ ನಿಂತಿರುತ್ತೇನೆ.