ಮಗಳಿಗೊಂದು ಪತ್ರ: ತಪ್ಪಿದ್ದನ್ನು ಬಿಟ್ಟು ಮುಂದಿನದನ್ನು ನೋಡು

ಗದಗ

ಮಗಳೇ,

ಅವ್ವನ ಆಶೀರ್ವಾದ. "ಸಿಪಿಎಸ್‌ಎಸ್ ಜೀವಮಾನಕ್ಕೆ ಒಂದೇ ಸಲ ಅವ್ವಾ, ಅಲ್ಲಿ ಫೇಲಾದರೆ ಮುಗೀತು" ಅಂದೆಯಲ್ಲ ಫೋನಿನಲ್ಲಿ, ವಾಯುಪಡೆಗೆ ಪೈಲಟ್ ಆರಿಸುವ ಆ ಕಂಪ್ಯೂಟರ್ ಪರೀಕ್ಷೆ ಬಗ್ಗೆ. ನಿನ್ನ ದನಿ ಸಣ್ಣಗಾಗಿತ್ತು. ಹಾಸ್ಟೆಲ್ ಗದ್ದಲದಲ್ಲಿ ಸಮಾಧಾನದ ಮಾತು ಹೇಳಿದರೆ ಅರ್ಧ ಕೇಳುತ್ತೆ, ಅರ್ಧ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಸಲ ಅನ್ನೋದು ನಿಜ. ಆದರೆ ಮುಚ್ಚುವುದು ಸೇನಾಪಡೆಗಳ ಪೈಲಟ್ ಬಾಗಿಲು ಮಾತ್ರ. ವಾಯುಪಡೆಯಲ್ಲೇ ನೆಲದ ಮೇಲಿನ ಹುದ್ದೆಗಳಿವೆ. ಸಿವಿಲ್ ವಿಮಾನದ ದಾರಿಯೂ ಇದೆ. ಸಿವಿಲ್ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಪರೀಕ್ಷೆ, 200 ಗಂಟೆ ಹಾರಾಟ, ಆಮೇಲೆ ಕಮರ್ಷಿಯಲ್ ಲೈಸೆನ್ಸ್. ಆ ದಾರಿಗೆ ದುಡ್ಡು ಜಾಸ್ತಿ ಬೇಕು, ಅದನ್ನು ಅಪ್ಪ ನಾನು ನೋಡಿಕೊಳ್ಳುತ್ತೇವೆ. ಅಲ್ಲೂ ಅಮೇಠಿಯ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಂಥ ಕಡೆ ಪೈಲಟ್ ಆಪ್ಟಿಟ್ಯೂಡ್ ಟೆಸ್ಟ್ ಇಡುತ್ತಾರೆ. ಅಂದರೆ ಈಗ ಮಾಡುವ ಪ್ರಾಕ್ಟೀಸ್ ಎಲ್ಲಿಯೂ ನೀರುಪಾಲಾಗುವುದಿಲ್ಲ.

ಇನ್ನು ಮುಖ್ಯ ಮಾತು. ಇದಕ್ಕೂ ಮೊದಲಿದ್ದ ಹಳೆಯ ಪೈಲಟ್ ಪರೀಕ್ಷೆ ಪಿಎಬಿಟಿಯಲ್ಲಿ ಒಂದು ಮಷೀನ್ ಟೆಸ್ಟ್ ಇತ್ತು ಅಂತ ನೀನೇ ವಿವರಿಸಿದ್ದೆ. ಬಲಗೈಯಲ್ಲಿ ಸ್ಟಿಕ್, ಕಾಲಲ್ಲಿ ಪೆಡಲ್. ತೆರೆಯ ಮೇಲೆ ಓಡಾಡುವ ಚುಕ್ಕೆಯನ್ನು ಚೌಕದೊಳಗೇ ಹಿಡಿದಿಡಬೇಕು. ನಡುವೆ ಕೆಂಪು, ಹಳದಿ ದೀಪ ಹತ್ತುತ್ತವೆ, ಎಡಗೈಯಿಂದ ಅವನ್ನು ಆರಿಸಬೇಕು. ಸಿಪಿಎಸ್‌ಎಸ್‌ನಲ್ಲಿ ಮಷೀನ್ ಹೊಸದು, ಆದರೆ ನೋಡುವುದು ಅದನ್ನೇ ಅಲ್ವಾ? ಕಣ್ಣು, ಕೈ, ಕಾಲು, ಕಿವಿ ಒಟ್ಟಿಗೆ ನಡೆಯುತ್ತವೋ ಇಲ್ಲವೋ ಅಂತ.

ನಾನು ವಿಮಾನ ಹತ್ತಿದವಳಲ್ಲ. ಆದರೆ ಟೈಪಿಂಗ್ ಕ್ಲಾಸಿನಲ್ಲಿ ಕೂತು ಎಷ್ಟು ಹುಡುಗಿಯರ ಬೆರಳು ನೋಡಿದ್ದೇನೆ! ಮಷೀನಿನಲ್ಲಿ ಒಂದು ಅಕ್ಷರ ತಪ್ಪು ಬಿದ್ದರೆ ಬಿತ್ತು, ಅಳಿಸಲು ಬರುವುದಿಲ್ಲ. ಆ ಒಂದು ತಪ್ಪಿಗೆ ಯಾರೂ ಫೇಲಾಗುವುದಿಲ್ಲ. ಫೇಲಾಗುವವಳು ಆ ಅಕ್ಷರವನ್ನೇ ಮತ್ತೆ ಮತ್ತೆ ನೋಡುವವಳು. ಕಣ್ಣು ಹಾಳೆಗೆ ಹೋಗುತ್ತೆ, ಬೆರಳು ಜಾಗ ಬಿಡುತ್ತೆ, ಮುಂದಿನ ಸಾಲಿನಲ್ಲಿ ಐದು ತಪ್ಪು. ಪಾಸಾಗುವವಳು ತಪ್ಪನ್ನು ಹಿಂದೆ ಬಿಟ್ಟು ಮುಂದಿನ ಪದಕ್ಕೆ ಹೋಗಿರುತ್ತಾಳೆ. ನೀನು ಕಲಿಯಬೇಕಾದ್ದು ಇದನ್ನೇ. ದೀಪ ತಪ್ಪಿತಾ, ಬಿಡು. ಚುಕ್ಕೆ ಚೌಕದಿಂದ ಆಚೆ ಹೋಯ್ತಾ, ಗಾಬರಿಯಿಂದ ಎಳೆಯಬೇಡ, ಮೆಲ್ಲಗೆ ತಾ. ಜೋರಾಗಿ ಎಳೆದರೆ ಅದು ಇನ್ನೊಂದು ಬದಿಗೆ ಹಾರುತ್ತೆ.

ಹೋದ ರಜೆಯಲ್ಲಿ ನೀನು ಲ್ಯಾಪ್‌ಟಾಪ್ ಮುಂದೆ ಈ ಪ್ರಾಕ್ಟೀಸಿಗೆ ಕೂತಾಗ ಹಿಂದೆ ನಿಂತು ನೋಡಿದೆ. ಒಂದು ದೀಪ ತಪ್ಪಿದ ಕೂಡಲೇ ನಿನ್ನ ಹೆಗಲು ಕಿವಿಗೆ ಏರಿತು, ಹಿಡಿತ ಬಿಗಿಯಾಯಿತು. ಮೊದಲು ಅದನ್ನು ಸಡಿಲ ಮಾಡು. ಸ್ಟಿಕ್ಕನ್ನು ಬೆರಳಲ್ಲಿ ಹಿಡಿ, ಮುಷ್ಟಿಯಲ್ಲಿ ಬೇಡ. ಮೊಣಕೈಗೆ ಆಸರೆ ಇರಲಿ. ಹೆಗಲು ಇಳಿದಾಗ ಕೈ ತಾನೇ ಹಗುರ ಆಗುತ್ತೆ.

ಜಾಯ್‌ಸ್ಟಿಕ್ ವಿಷಯ ಇನ್ನೊಂದಿದೆ. ತಮ್ಮನ ಗೇಮಿನಲ್ಲಿ ಮುಂದಕ್ಕೆ ಒತ್ತಿದರೆ ಮೇಲೆ ಹೋಗುತ್ತೆ. ವಿಮಾನದಲ್ಲಿ ಹಿಂದಕ್ಕೆ ಎಳೆದರೆ ಮೂತಿ ಮೇಲೇಳುತ್ತದೆ. ಸೆಟ್ಟಿಂಗಿನಲ್ಲಿ ವಿಮಾನದ ರೀತಿಗೇ ಇಡು, ದಿನಕ್ಕೊಂದು ರೀತಿ ಬೇಡ.

ವಿಮಾನದ ಡಯಲ್ ಓದುವುದನ್ನು ನಾನೂ ಕಲಿತೆ, ಮಜಾ ಇದೆ. ಎತ್ತರ ತೋರಿಸುವ ಆಲ್ಟಿಮೀಟರಿನಲ್ಲಿ ಉದ್ದ ಮುಳ್ಳು ನೂರು, ಗಿಡ್ಡ ಮುಳ್ಳು ಸಾವಿರ. ಗಿಡ್ಡದು 3 ದಾಟಿ, ಉದ್ದದು 5ರ ಮೇಲಿದ್ದರೆ 3,500 ಅಡಿ. ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಡಯಲಿನ ಹೊರೈಜನ್ (ದಿಗಂತ) ಗೆರೆಯೇ ಮೊದಲು ತಲೆ ಕೆಡಿಸಿತು. ವಿಮಾನ ಬಲಕ್ಕೆ ವಾಲಿದರೆ ಗೆರೆ ಎಡಕ್ಕೆ ವಾಲಿದಂತೆ ಯಾಕೆ ಕಾಣಬೇಕು? ಮಾಳಿಗೆ ಮೇಲೆ ಹೋಗಿ ದೂರದ ಗುಡ್ಡದ ಸಾಲು ನೋಡುತ್ತಾ ತಲೆಯನ್ನು ಬಲಕ್ಕೆ ವಾಲಿಸಿದೆ. ಸಾಲಿನ ಬಲತುದಿ ಮೇಲೆದ್ದಂತೆ ಕಂಡಿತು. ಗುಡ್ಡ ಎಲ್ಲಿತ್ತೋ ಅಲ್ಲೇ ಇದೆ, ವಾಲಿದ್ದು ನಾನು. ನೀನೂ ಒಮ್ಮೆ ಮಾಡಿ ನೋಡು, ಆಮೇಲೆ ಚಿತ್ರ ನೋಡಿದಾಗ ಯೋಚನೆ ಮಾಡಬೇಕಾಗಿಲ್ಲ.

ಬಾಯಿಲೆಕ್ಕ ಬಸ್ಸಿನಲ್ಲಿ ಮಾಡು. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಗಂಟೆಗೆ 240ರ ವೇಗ ಅಂದರೆ ನಿಮಿಷಕ್ಕೆ 4, ಹಾಗಾದರೆ 15 ನಿಮಿಷ. ವೇಗ ಬದಲಿಸುತ್ತಾ ಹೋಗು. ಗೋಕುಲ ರೋಡಿನ ವಿಮಾನ ನಿಲ್ದಾಣದ ರನ್‌ವೇಗೆ ಒಂದು ತುದಿಯಲ್ಲಿ 08, ಇನ್ನೊಂದು ತುದಿಯಲ್ಲಿ 26 ಅಂತ ನಂಬರ್. ಆ ನಂಬರಿಗೆ ಒಂದು ಸೊನ್ನೆ ಸೇರಿಸಿದರೆ ಸುಮಾರಾಗಿ ದಿಕ್ಕಿನ ಡಿಗ್ರಿ. 80 ಡಿಗ್ರಿಯ ಎದುರು ದಿಕ್ಕು 260. 200 ಕೂಡಿಸಿ 20 ಕಳೆ, ಥಟ್ಟನೆ ಬರುತ್ತೆ. 180 ದಾಟಿದ ದಿಕ್ಕಿಗೆ 200 ಕಳೆದು 20 ಕೂಡಿಸು.

ಕಿವಿಯ ಕೆಲಸ ನನಗೆ ಬಿಡು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಅಂಕಿ ಕೂಗುತ್ತೇನೆ. ನೀನು ಚುಕ್ಕೆ ಹಿಡಿದುಕೊಂಡೇ ಸಮಸಂಖ್ಯೆ ಬಂದಾಗ ಬಟನ್ ಒತ್ತಬೇಕು. ರೊಟ್ಟಿಯ ಸದ್ದು, ಕುಕ್ಕರ್ ಸೀಟಿ, ತಮ್ಮನ ಕಿರುಚಾಟ ಎಲ್ಲ ಇರಲಿ. ಬಾಗಿಲು ಹಾಕಿಕೊಂಡು ಮಾಡಿದ ಪ್ರಾಕ್ಟೀಸಿಗಿಂತ ಇದು ಮೇಲು.

"ಪರೀಕ್ಷೆಯಲ್ಲಿ ಬರೋದು ಇದೇ ಸಾಫ್ಟ್‌ವೇರ್" ಅಂತ ಮಾರುವವರಿಗೆ ದುಡ್ಡು ಕೊಡಬೇಡ. ಒಂದೇ ಆಟವನ್ನು ಉರು ಹೊಡೆದರೆ ಸ್ಕೋರ್ ಏರುತ್ತೆ, ಆದರೆ ಬೇರೆ ಮಷೀನಿನ ಮುಂದೆ ಕೂರಿಸಿದರೆ ಕೈ ಮತ್ತೆ ತಡವರಿಸುತ್ತೆ. ಬೇರೆ ಬೇರೆ ರೀತಿಯದು ಆಡು. ದಿನಾ ಅರ್ಧ ಗಂಟೆ ಸಾಕು. ಕಣ್ಣು ಉರಿಯುವ ತನಕ ಕೂತರೆ ದಣಿದ ಕೈ ತಪ್ಪನ್ನೇ ಕಲಿಯುತ್ತೆ.

1994ರಲ್ಲಿ ವಾಯುಪಡೆಗೆ ಮಹಿಳಾ ಪೈಲಟ್‌ಗಳು ಬಂದರು, 2016ರಲ್ಲಿ ಮೂವರು ಫೈಟರ್ ಪೈಲಟ್‌ಗಳಾದರು. "ಹೆಣ್ಣುಮಗಳಿಗೆ ಯಾಕೆ ಇದೆಲ್ಲ" ಅನ್ನುವ ಮಂದಿಗೆ ನಾನು ಇಲ್ಲಿ ಉತ್ತರ ಕೊಡುತ್ತಿದ್ದೇನೆ, ನೀನು ತಲೆ ಕೆಡಿಸಿಕೊಳ್ಳಬೇಡ. ಮೊದಲು ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿ, ಅಂದರೆ ಎಎಫ್‌ಎಸ್‌ಬಿ ದಾಟಬೇಕು. ಅಲ್ಲಿ ಆಯ್ಕೆಯಾದವರಿಗೆ ಮಾತ್ರ ಸಿಪಿಎಸ್‌ಎಸ್. ಗ್ರೂಪ್ ಟಾಸ್ಕು, ಇಂಟರ್‌ವ್ಯೂ ಕಡೆಗೂ ಗಮನ ಇರಲಿ, ಎಲ್ಲ ಹೊತ್ತನ್ನೂ ಜಾಯ್‌ಸ್ಟಿಕ್ಕಿಗೇ ಕೊಡಬೇಡ.

ಶನಿವಾರ ಧಾರವಾಡದಿಂದ ಹೊರಡುವಾಗ ನಿನ್ನ ಹಳೆಯ ವಹಿ ತಾ. ಪ್ರಾಕ್ಟೀಸ್ ಆದಮೇಲೆ ಸ್ಕೋರಿನ ಜೊತೆ ಎಲ್ಲಿ ತಡವರಿಸಿದೆ ಅಂತ ಒಂದು ಸಾಲು ಬರೆಯೋಣ. ಪಡಸಾಲೆಯ ಮೇಜು ಎತ್ತರ ಆಯ್ತು ಅಂದಿದ್ದೆಯಲ್ಲ, ಅಪ್ಪ ಬಡಗಿಯನ್ನು ಕರೆಸಿ ಕಾಲು ಕೊಯ್ಸಿದ್ದಾರೆ.

ನಿನ್ನ
ಅವ್ವ